ಚಿಕ್ಕಮ್ಮ ಹೊಲಿದ ಕಾರು

ನಮ್ಮ ಚಿಕ್ಕಮ್ಮನಿಗೆ ಗೊತ್ತಿಲ್ಲದ ಸಂಗತಿಗಳು ಈ ಭೂಮಿಯ ಮೇಲೆ ಎರಡೇ. ಒಂದು, ತನಗೆ ಗೊತ್ತಿಲ್ಲದ ಸಂಗತಿಯೂ ಇರಬಹುದು ಎಂಬುದು. ಇನ್ನೊಂದು ಯಾವುದೆಂದು ನಾನು ಇನ್ನೂ ಹುಡುಕುತ್ತಲೇ ಇದ್ದೇನೆ!

ಶಿಕಾರಿಪುರದಲ್ಲಿ ಅವಳದೊಂದು ಲೇಡೀಸ್ ಟೈಲರಿಂಗ್ ಅಂಗಡಿ. ಪೇಟೆಯ ಅರ್ಧ ಹೆಂಗಸರ ರವಿಕೆ ಹೊಲಿಯುವವಳು ಅವಳೇ ಆದ್ದರಿಂದ, ಪೇಟೆಯ ಅರ್ಧ ಗುಟ್ಟುಗಳೂ ಅವಳ ಬಳಿಯೇ ಇವೆ. ಅವಳ ಪ್ರಕಾರ ಜಗತ್ತಿನಲ್ಲಿ ಇರುವುದು ಎರಡೇ ಕೆಲಸ: ಹೊಲಿಯುವುದು ಮತ್ತು ಬಿಚ್ಚುವುದು. ಉಳಿದ ವಿದ್ಯೆಗಳೆಲ್ಲ ಇವೆರಡರಲ್ಲೇ ಯಾವುದೋ ಒಂದನ್ನು ದೊಡ್ಡ ಹೆಸರಿಟ್ಟು ಮಾರುವ ಉಪಾಯ. ನನ್ನ ಅಮ್ಮನಿಗೆ ಅಪೆಂಡಿಕ್ಸ್ ಆಪರೇಷನ್ ಆದಾಗ ಎಲ್ಲರೂ ಎಳನೀರು, ಮೂಸಂಬಿ ಹಿಡಿದು ಬಂದರು. ಚಿಕ್ಕಮ್ಮ ಬಂದವಳೇ ಬ್ಯಾಂಡೇಜು ಎತ್ತಿ ನೋಡಿ, ರೌಂಡ್ಸಿಗೆ ಬಂದಿದ್ದ ಡಾಕ್ಟರ ಎದುರೇ ತೀರ್ಪು ಕೊಟ್ಟಳು: "ಹೊಲಿಗೆ ಅಗಲ ಬಿತ್ತು ಡಾಕ್ಟ್ರೇ. ಇರ್ಲಿ ಬಿಡ್ರಿ, ಒಳಗಿನ ಬಟ್ಟೆ ಅಲ್ವಾ, ಯಾರು ನೋಡ್ತಾರೆ!" ಡಾಕ್ಟರು ನಗಬೇಕೋ ಬೇಡವೋ ಗೊತ್ತಾಗದೆ ಅಮ್ಮನ ನಾಡಿ ಎಣಿಸತೊಡಗಿದರು.

ಐವತ್ತು ದಾಟಿದ ಮೇಲೆ ಅವಳಿಗೆ ಕಾರು ಓಡಿಸುವ ಹುಚ್ಚು ಹಿಡಿಯಿತು. ಯಾರೋ ಮಾರಲಿಟ್ಟಿದ್ದ ಬೂದು ಬಣ್ಣದ ಪುಟ್ಟ ಹಳೇ ಕಾರೊಂದನ್ನು ಮನೆಗೆ ತಂದು ನಿಲ್ಲಿಸಿದಳು. "ಈ ವಯಸ್ಸಿನಲ್ಲಿ ಯಾಕೆ?" ಎಂದು ನಾವು ಕೇಳಿದರೆ, "ಹದಿನಾರನೇ ವಯಸ್ಸಿಂದ ಮೆಷಿನ್ ತುಳೀತಾ ಇದೀನಿ. ಇವತ್ತಿನವರೆಗೂ ಆ ಮೆಷಿನ್ ಒಂದಡಿ ಮುಂದೆ ಹೋಗಿಲ್ಲ. ಇದಾದ್ರೂ ಹೋಗುತ್ತಲ್ಲ!" ಎಂದಳು. ಡ್ರೈವಿಂಗ್ ಕಲಿಸಲು ಬಂದವನು ರಿವರ್ಸ್ ಗೇರಿನ ಬಗ್ಗೆ ವಿವರಿಸಲು ಹೊರಟರೆ, "ಗೊತ್ತು ಗೊತ್ತು, ಕೊನೇಲಿ ದಾರ ಬಿಟ್ಟುಹೋಗದಂಗೆ ಹಿಂದಕ್ಕೆ ಎರಡು ಹೊಲಿಗೆ" ಎಂದು ಸೊಂಯ್ಯನೆ ಹಿಂದಕ್ಕೆ ಬಿಟ್ಟಳಂತೆ. ಹಿಂದೆ ಅವನದೇ ಬೈಕು ನಿಂತಿತ್ತು.

ಇನ್ನು ಚಿಕ್ಕಪ್ಪ. ಅವರು ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಮೆಕ್ಕೆಜೋಳದ ರಾಶಿಯ ಪಕ್ಕ ನಿಂತು ಅವರು ದರ ಕೂಗಿದರೆ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದ ನಾಯಿ ಎದ್ದು ಕೂರುತ್ತಿತ್ತು ಎಂಬುದು ನಮ್ಮ ಮನೆಯ ಹೆಮ್ಮೆ. ಆಮೇಲೆ ಗಂಟಲಿನ ಒಂದು ಕೆಟ್ಟ ಕಾಯಿಲೆ ಬಂದು ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಪೂರ್ತಿ ಹೋಗಲಿಲ್ಲ, ಒಣಗಿದ ಎಲೆಯನ್ನು ಎಳೆದ ಹಾಗೆ ಒಂದು ಸರಸರ ಸದ್ದು ಉಳಿಯಿತು. ಅಂಗಡಿಯಲ್ಲಿ ಅವರು ಕಾಜಾ ಹಾಕುತ್ತ, ಗುಂಡಿ ಹಚ್ಚುತ್ತ ಚಿಕ್ಕಮ್ಮನ ಎದುರಿಗೇ ಕೂರುತ್ತಾರೆ. ಅವರು ತುಟಿ ಅಲ್ಲಾಡಿಸುತ್ತಾರೆ, ಇವಳು ಮೆಷಿನ್ ನಿಲ್ಲಿಸದೆ ಅವರ ಮುಖ ನೋಡಿ ಉತ್ತರ ಕೊಡುತ್ತಾಳೆ. ಹೊಸ ಗಿರಾಕಿಗಳು ಟೈಲರಮ್ಮ ತನ್ನಷ್ಟಕ್ಕೆ ತಾನೇ ಜಗಳವಾಡುತ್ತಿದ್ದಾಳೆ ಎಂದು ಗಾಬರಿಯಾಗಿ ಬಾಗಿಲಲ್ಲೇ ನಿಂತುಬಿಡುವುದುಂಟು.

ಒಂದು ಭಾನುವಾರ ಬೆಳಿಗ್ಗೆ ಚಿಕ್ಕಮ್ಮನ ಫೋನು. "ಕಾರಿಗೆ ಹಾಡಿನ ಸೆಟ್ ತರ್ಸೀನಿ. ಹಾಕಣ ಬಾ."

"ನನಗೆಲ್ಲಿ ಬರುತ್ತೆ ಚಿಕ್ಕಮ್ಮ?"

"ಕಾಲೇಜಲ್ಲಿ ಫಿಜಿಕ್ಸ್ ಹೇಳ್ಕೊಡ್ತಿಯಲ್ಲ!"

"ನಾನು ಕರೆಂಟಿನ ಬಗ್ಗೆ ಪಾಠ ಮಾಡ್ತೀನಿ, ಕರೆಂಟ್ ಮುಟ್ಟಲ್ಲ."

"ಬಟ್ಟೆ ಮುಟ್ಟದೇ ಟೈಲರ್ ಆದಂಗಾಯ್ತು ನಿನ್ನ ಕತೆ. ಬಾ ಸುಮ್ನೆ."

ಹೋದೆ. ಹೋಗದಿದ್ದರೆ ನನ್ನ ಮುಂದಿನ ರವಿಕೆಯ ತೋಳು ಯಾವ ಗತಿ ಕಾಣುತ್ತದೋ!

ನಾನು ಹೋಗುವಷ್ಟರಲ್ಲಿ ಚಿಕ್ಕಮ್ಮ ಕೊರಳಿಗೆ ಅಳತೆ ಟೇಪು ನೇತುಹಾಕಿಕೊಂಡು ಕಾರಿನ ಡ್ಯಾಶ್‌ಬೋರ್ಡನ್ನು ಹೊಲಿಗೆ ಬಿಚ್ಚುವ ಕೊಕ್ಕೆಯಲ್ಲಿ ಮೀಟುತ್ತಿದ್ದಳು. ಹಳೆಯ ಮಾಲೀಕ ತನ್ನ ಸೆಟ್ಟನ್ನು ಕಿತ್ತುಕೊಂಡು ಹೋಗುವಾಗ ವೈರುಗಳನ್ನು ಕತ್ತರಿಸಿಯೇ ಹೋಗಿದ್ದ. ಸೆಟ್ಟು ಇದ್ದ ತೂತಿನೊಳಗಿಂದ ಬಣ್ಣಬಣ್ಣದ ತುಂಡು ವೈರುಗಳ ಒಂದು ಕಂತೆ ಹೊರಗೆ ಇಣುಕುತ್ತಿತ್ತು. ಹೊಸ ಸೆಟ್ಟಿನ ಹಿಂದೆಯೂ ಅಂಥದ್ದೇ ಒಂದು ಕಂತೆ. ಇದರ ಯಾವ ತುದಿಗೆ ಅದರ ಯಾವ ತುದಿ? ಕಪ್ಪು ಹಲಗೆಯ ಮೇಲೆ ನಾನು ಬರೆಯುವ ಸರ್ಕ್ಯೂಟಿನಲ್ಲಿ ವೈರು ಅಂದರೆ ನೆಟ್ಟಗಿನ ಗೆರೆ; ಅದಕ್ಕೆ ಬಣ್ಣವೂ ಇಲ್ಲ, ಧೂಳೂ ಇಲ್ಲ, ಒಳಗಿನಿಂದ ಜೇಡ ಬರುವುದೂ ಇಲ್ಲ.

ಸೆಟ್ಟಿನ ಬೆನ್ನಿಗೆ ಒಂದು ಚೀಟಿ ಅಂಟಿಸಿದ್ದರು. ನಾನು ಕನ್ನಡಕ ಏರಿಸಿ ಓದಿದೆ: "ಹಳದಿ ವೈರಿಗೆ ಬ್ಯಾಟರಿಯಿಂದ ಯಾವಾಗಲೂ ಕರೆಂಟ್ ಬರಬೇಕು. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಬರಬೇಕು. ಕಪ್ಪನ್ನು ಕಾರಿನ ಕಬ್ಬಿಣದ ಮೈಗೆ ಜೋಡಿಸಬೇಕು. ಉಳಿದವು ಜೋಡಿಜೋಡಿಯಾಗಿ ಸ್ಪೀಕರಿನವು."

"ಹಳದಿ ಅಂದ್ರೆ ಯಾವ ಹಳದಿ?" ಚಿಕ್ಕಮ್ಮ ಕೇಳಿದಳು. "ನಿಂಬೆ ಹಳದಿನೋ, ಸಾಸಿವೆ ಹಳದಿನೋ, ಅರಿಶಿನನೋ? ಬರೆದೋನಿಗೆ ಬಣ್ಣದ ಜ್ಞಾನನೇ ಇಲ್ಲ. ಸರೀ, ಮ್ಯಾಚಿಂಗ್ ಮಾಡಿ ಹಾಕಣ."

ಮ್ಯಾಚಿಂಗ್! ಅಂದರೆ ಈ ಕಡೆಯ ಕೆಂಪಿಗೆ ಆ ಕಡೆಯ ಕೆಂಪು, ಈ ಕಡೆಯ ಕಪ್ಪಿಗೆ ಆ ಕಡೆಯ ಕಪ್ಪು. ಕಾರು ಮಾಡಿದವರು ಬೇರೆ, ಸೆಟ್ಟು ಮಾಡಿದವರು ಬೇರೆ, ಅವರಿಬ್ಬರೂ ಒಂದೇ ಬಣ್ಣಕ್ಕೆ ಒಂದೇ ಅರ್ಥ ಇಟ್ಟುಕೊಂಡಿರಬೇಕೆಂದೇನಿಲ್ಲ ಎಂದು ನಾನು ಗೊಣಗಿದೆ. "ರವಿಕೆ ಪೀಸ್ ಮಾಡೋರು ಬೇರೆ, ಸೀರೆ ಮಾಡೋರು ಬೇರೆ. ನಾನು ಮ್ಯಾಚಿಂಗ್ ಮಾಡ್ತಿಲ್ವಾ?" ಎಂದು ನನ್ನ ಬಾಯಿ ಮುಚ್ಚಿಸಿ ಅವಳು ಎಲ್ಲವನ್ನೂ ಗಂಟು ಹಾಕಿದಳು. ಕೀ ತಿರುಗಿಸಿದಳು. ಟಿಕ್ ಎಂದಿತು. ಅಷ್ಟೇ! ಕಾರಿನೊಳಗಿನ ದೀಪ ಆರಿತು, ಗಡಿಯಾರ ಆರಿತು. ಹಾರ್ನ್ ಒತ್ತಿದರೆ ಅದೂ ಮೌನ.

"ಏನಾಯ್ತೇ?"

"ಫ್ಯೂಸ್ ಹೋಯ್ತು ಚಿಕ್ಕಮ್ಮ."

"ಹೋಗ್ಲಿ ಬಿಡು, ಇಷ್ಟಕ್ಕೇ ಹೋಗೋ ಫ್ಯೂಸ್ ಇದ್ದು ಏನು ಪ್ರಯೋಜನ?"

ಅದೇ ಬೀದಿಯ ತುದಿಯಲ್ಲಿ ದಾದಾಪೀರಣ್ಣನ ಆಟೋ ಎಲೆಕ್ಟ್ರಿಕ್ ಅಂಗಡಿ. ಅವನಿಗೂ ಚಿಕ್ಕಮ್ಮನಿಗೂ ಹಳೆಯ ಸ್ನೇಹ. ಅವಳ ಮೆಷಿನ್ನಿನ ಮೋಟರ್ ಕೆಟ್ಟರೆ ಅವನು ನೋಡುತ್ತಾನೆ, ಅವನ ಮನೆಯವರ ಬಟ್ಟೆಯೆಲ್ಲ ಇವಳೇ ಹೊಲಿಯುತ್ತಾಳೆ. ಹೊಸ ಫ್ಯೂಸ್ ಕೊಡುತ್ತ ಅವನು, "ಅಕ್ಕಾ, ಗಾಡಿ ತಂದು ಇಲ್ಲಿ ನಿಲ್ಲಿಸ್ರಿ. ನೀವು ಚಹಾ ಕುಡಿಯೋದ್ರೊಳಗೆ ಸೆಟ್ ಹಾಡ್ತಿರ್ತದೆ" ಎಂದ. ನಾನು ಆಸೆಯಿಂದ ಚಿಕ್ಕಮ್ಮನ ಮುಖ ನೋಡಿದೆ.

"ಬೇಡ. ನಿಮ್ಮ ಮನೆಯವರ ಬ್ಲೌಸ್ ನೀವೇ ಹೊಲೀತೀರೇನು?"

"ಇಲ್ಲ, ನೀವೇ ಹೊಲಿಯೋದು."

"ಹಾಂ! ಹಂಗೇ ನನ್ನ ಕಾರನ್ನೂ ನಾನೇ ಹೊಲೀತೀನಿ."

ಆ ಮಾತಿನಲ್ಲಿ ಎಲ್ಲೋ ತಪ್ಪಿದೆ ಎಂದು ದಾದಾಪೀರಣ್ಣನಿಗೆ ಅನ್ನಿಸಿದ್ದು ಮುಖದಲ್ಲೇ ಕಾಣುತ್ತಿತ್ತು; ಎಲ್ಲಿ ಎಂದು ಮಾತ್ರ ಹೊಳೆಯಲಿಲ್ಲ. ಕೊನೆಗೆ ಮರುಕದಿಂದ ಒಂದು ಟೆಸ್ಟ್ ಲ್ಯಾಂಪ್ ಕೈಗಿಟ್ಟ. ಹಿಡಿಯೊಳಗೆ ಪುಟ್ಟ ಬಲ್ಬು, ತುದಿಯಲ್ಲಿ ಚೂಪು ಸೂಜಿ, ಬಾಲದಲ್ಲಿ ಒಂದು ಕ್ಲಿಪ್ಪು. "ಕ್ಲಿಪ್ಪನ್ನ ಗಾಡಿ ಕಬ್ಬಿಣಕ್ಕೆ ಕಚ್ಚಿಸ್ರಿ. ಸೂಜಿಯಿಂದ ವೈರ್ ಚುಚ್ಚ್ರಿ. ಲೈಟ್ ಹತ್ತಿದ್ರೆ ಅದರೊಳಗೆ ಕರೆಂಟ್ ಐತೆ ಅಂತ. ಸ್ಪೀಕರ್ ವೈರಿಗೆ ಇದು ಬೇಡ, ಗಡಿಯಾರದ ಸೆಲ್ ಸಾಕು. ಸೆಲ್ಲಿನ ಎರಡು ತುದಿಗೆ ಎರಡು ವೈರ್ ಮುಟ್ಟಿಸ್ರಿ. ಯಾವ ಸ್ಪೀಕರ್ ಟಪ್ ಅಂತದೋ ಆ ವೈರು ಅದರದ್ದು."

ಸೂಜಿ ಎಂದದ್ದೇ ಚಿಕ್ಕಮ್ಮನ ಮುಖ ಅರಳಿತು. ಇದನ್ನು ಮೊದಲೇ ಹೇಳಬಾರದಿತ್ತೇ?

ಸೆಲ್ಲನ್ನು ಅಂಗಡಿಯ ಗೋಡೆ ಗಡಿಯಾರದಿಂದಲೇ ಕಿತ್ತು ತಂದಳು. ಚಿಕ್ಕಪ್ಪ ಹಿಂದಿನ ಸೀಟಿನಲ್ಲಿ ಕೂತು ಒಂದೊಂದೇ ಸ್ಪೀಕರಿಗೆ ಕಿವಿ ಹಚ್ಚಿದರು. ಚಿಕ್ಕಮ್ಮ ಮುಂದಿನಿಂದ ಎರಡು ವೈರು ಆರಿಸಿ ಸೆಲ್ಲಿಗೆ ಮುಟ್ಟಿಸುವುದು, "ಬಂತೇನ್ರೀ?" ಎಂದು ಕೂಗುವುದು. ಬಂದರೆ ಚಿಕ್ಕಪ್ಪ ಕೈ ಎತ್ತುತ್ತಾರೆ, ನಾನು ಅದಕ್ಕೊಂದು ದಾರ ಕಟ್ಟುತ್ತೇನೆ. ಮೊದಲನೆಯ ಟಪ್ ಕೇಳಿದಾಗ ಚಿಕ್ಕಪ್ಪ ಕೈ ಎತ್ತಿದ ರಭಸಕ್ಕೆ ಅದು ಕಾರಿನ ಸೂರಿಗೆ ಬಡಿಯಿತು. ಮಂಡಿ ಬಿಟ್ಟ ಮೇಲೆ ಅವರ ಮುಖದಲ್ಲಿ ಅಷ್ಟು ಉತ್ಸಾಹವನ್ನು ನಾನು ಕಂಡಿರಲಿಲ್ಲ. ಈ ಕೆಲಸ ಕೆಲವು ಸಂಜೆಗಳು ನಡೆಯಿತು. ಅಷ್ಟೂ ದಿನ ಅಂಗಡಿಯ ಗಡಿಯಾರ ನಿಂತೇ ಇತ್ತು. "ಐದು ಗಂಟೆಗೆ ಬ್ಲೌಸ್ ಕೊಡ್ತೀನಿ ಅಂದಿದ್ರಿ" ಎಂದು ಯಾರಾದರೂ ಬಂದರೆ, ಚಿಕ್ಕಮ್ಮ ತಲೆ ಎತ್ತದೆ ಗೋಡೆ ತೋರಿಸುತ್ತಿದ್ದಳು: "ಐದಾಗ್ಲಿ ತಾಯಿ, ಕೊಡ್ತೀನಿ. ಯಾಕೆ ಅವಸರ?"

ಮುಂದೆ ಕರೆಂಟಿನ ವೈರು. ಕಾರು ನಿಲ್ಲಿಸುವ ಶೆಡ್ಡು ಕತ್ತಲು. ಹಾಗಾಗಿ ಕಾರಿನ ಹೆಡ್‌ಲೈಟ್ ಹಾಕಿ, ಗೋಡೆಗೆ ಬಡಿದು ಬಂದ ಬೆಳಕಿನಲ್ಲಿ ಚಿಕ್ಕಮ್ಮ ಚುಚ್ಚಲು ಶುರುಮಾಡಿದಳು. ಒಂದು ವೈರಿನಲ್ಲಿ ದೀಪ ಹತ್ತಿತು. ಜೋಡಿಸಿದಳು. ಸೆಟ್ಟು ಹಾಡಿತು! ನಾಲ್ಕೂ ಸ್ಪೀಕರ್! ನಾವು ಮೂವರೂ ಶೆಡ್ಡಿನಲ್ಲೇ ಪೇಡೆ ತಿಂದೆವು.

ಮರುದಿನ ಅಂಜನಾಪುರದ ಕಡೆ ಒಂದು ಸುತ್ತು ಹೊರಟರೆ ಸೆಟ್ಟು ಗಪ್‌ಚಿಪ್. ಗುದ್ದಿದರೂ ಇಲ್ಲ, ಬೈದರೂ ಇಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ತಿರುಗಿಸುತ್ತ ಹೆಡ್‌ಲೈಟಿನ ಗುಂಡಿ ತಿರುಗಿಸಿದಾಗ ಹಾಡು ಧುತ್ತೆಂದು ಬಂತು. ಸರಿ, ಮಟಮಟ ಮಧ್ಯಾಹ್ನ ಹೆಡ್‌ಲೈಟ್ ಉರಿಸಿಕೊಂಡು ನಮ್ಮ ಸವಾರಿ ಹೊರಟಿತು. ಎದುರಿಗೆ ಬಂದ ಬೈಕಿನವರು, ಟ್ರ್ಯಾಕ್ಟರಿನವರು, ಬಸ್ಸಿನ ಡ್ರೈವರು ಎಲ್ಲರೂ ನಮ್ಮ ಕಡೆ ಕೈ ಎತ್ತಿ ಮುಷ್ಟಿ ತೆರೆದು ಮುಚ್ಚಿ ಮಾಡಿದರು. ದೀಪ ಉರಿಯುತ್ತಿದೆ ಎಂದು ಅವರ ಸನ್ನೆ. ಚಿಕ್ಕಮ್ಮ ಸ್ಟಿಯರಿಂಗಿನಿಂದ ಒಂದು ಕೈ ತೆಗೆದು ಪ್ರತಿಯೊಬ್ಬರಿಗೂ ನಮಸ್ಕಾರ ಮಾಡಿದಳು. "ನೋಡೇ, ಈ ಕಡೆ ಹಳ್ಳಿ ಜನ ಎಷ್ಟು ಒಳ್ಳೇರು! ಯಾರೋ ಏನೋ, ಕಂಡ ಕೂಡ್ಲೇ ಮಾತಾಡಿಸ್ತಾರೆ!" ಅಣೆಕಟ್ಟೆಯ ನೀರು ನೋಡಿ ವಾಪಸು ಬರುವಷ್ಟರಲ್ಲಿ ಅವಳು ಚುನಾವಣೆಗೆ ನಿಂತರೂ ಗೆಲ್ಲುವಷ್ಟು ಜನರ ಪರಿಚಯವಾಗಿತ್ತು.

ಮನೆಗೆ ಬಂದ ಮೇಲೆ ನನ್ನ ಫಿಜಿಕ್ಸಿಗೆ ಜೀವ ಬಂತು. "ಚಿಕ್ಕಮ್ಮ, ನಾವು ಲೈಟ್ ಹಾಕ್ಕೊಂಡು ಹುಡುಕಿದ್ವಿ. ಸಿಕ್ಕಿದ್ದು ಲೈಟಿನ ವೈರು. ಲೈಟ್ ಆರಿಸಿ, ಬರೀ ಕೀ ತಿರುಗಿಸಿ ಹುಡುಕಬೇಕು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇದನ್ನ ಹೇಳೋಕೆ ಎಂಎಸ್ಸಿ ಮಾಡಿದ್ಯಾ?" ಅಂದರೂ ಮರುಗಳಿಗೆ ಲೈಟ್ ಆರಿಸಿದಳು. ನಾನು ಟಾರ್ಚ್ ಹಿಡಿದೆ, ಸರಿಯಾದ ವೈರು ಸಿಕ್ಕಿತು. ಗಂಟುಗಳಿಗೆಲ್ಲ ಕಪ್ಪು ಟೇಪು ಸುತ್ತಿದೆವು. ಅಷ್ಟಕ್ಕೇ ಬಿಡುವವಳೇ? ಉಳಿದ ರೇಷ್ಮೆ ತುಂಡಿನಲ್ಲಿ ವೈರಿನ ಕಂತೆಗೆ ಅಳತೆ ತೆಗೆದು, ಒಳಗೆ ಲೈನಿಂಗ್ ಕೊಟ್ಟು, ಒಂದು ಉದ್ದನೆಯ ತೋಳು ಹೊಲಿದು ತೊಡಿಸಿದಳು. ತುದಿಗೆ ಜರಿ ಬಾರ್ಡರ್. ಯಾರೂ ನೋಡದ ಜಾಗದಲ್ಲಿ ಇದೆಲ್ಲ ಯಾಕೆ ಎಂದು ನಾನು ಕೇಳಿದ್ದಕ್ಕೆ, "ಕಾರು ನೋಡುತ್ತಲ್ಲ!" ಎಂದಳು.

ಇಷ್ಟೆಲ್ಲ ಅವಸರ ಸೊರಬದಾಚೆಯ ಉಳವಿಯಲ್ಲಿದ್ದ ಒಂದು ನಿಶ್ಚಿತಾರ್ಥಕ್ಕಾಗಿ. ಚಿಕ್ಕಪ್ಪನ ತಂಗಿಯ ಮಗಳದ್ದು. ಆಪರೇಷನ್ ಆದ ಮೇಲೆ ಚಿಕ್ಕಪ್ಪ ಯಾವ ಮದುವೆ ಮುಂಜಿಗೂ ಕಾಲಿಟ್ಟವರಲ್ಲ. ಜನರು "ಏನು ಸಮಾಚಾರ?" ಎಂದು ಕೇಳುತ್ತಾರೆ, ಉತ್ತರ ಕೊಟ್ಟರೆ "ಆಂ? ಆಂ?" ಎಂದು ಕಿವಿ ತಂದು ಬಾಯಿಗೆ ಹಚ್ಚುತ್ತಾರೆ, ಅದು ಅವರಿಗೆ ಆಗುತ್ತಿರಲಿಲ್ಲ. ಆದರೆ ತಂಗಿಯೇ ಫೋನ್ ಮಾಡಿ, "ಎಂತ ಮಾರಾಯ, ಸೋದರಮಾವ ಇಲ್ದೆ ಹೆಣ್ಣು ಒಪ್ಪಿಸೂಕೆ ಆಗ್ತದನಾ? ನೀ ಸುಮ್ನೆ ಕೂತ್ರೂ ಸಾಕು, ಬಾ" ಎಂದು ಅತ್ತ ಮೇಲೆ ಬರುತ್ತೇನೆಂದು ತಲೆ ಆಡಿಸಿದ್ದರು.

ಹೊರಟೆವು. ಚಿಕ್ಕಮ್ಮ ಹೊಸ ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸ್ಟಿಯರಿಂಗ್ ಹಿಡಿದಿದ್ದಳು. ಪಕ್ಕದಲ್ಲಿ ಚಿಕ್ಕಪ್ಪ, ಹಿಂದೆ ಹಣ್ಣಿನ ಬುಟ್ಟಿಗಳ ನಡುವೆ ನಾನು. ಶಿರಾಳಕೊಪ್ಪ ದಾಟುವವರೆಗೂ ಸೆಟ್ಟು ಹಾಡುತ್ತಿತ್ತು. ಸೊರಬದ ರಸ್ತೆಗೆ ಬಿದ್ದು, ಎದುರಿಗೆ ಗಾಡಿಗಳು ಕಡಿಮೆಯಾದ ಮೇಲೆ ಚಿಕ್ಕಮ್ಮ ಹಾಡು ನಿಲ್ಲಿಸಿದಳು. ತನ್ನ ಬ್ಯಾಗಿನೊಳಗೆ ಕೈ ಹಾಕಿ ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ತೆಗೆದಳು. ಬೆರಳುದ್ದದ ಒಂದು ಮೈಕು. ಸೆಟ್ಟಿನ ಮುಖದಲ್ಲಿದ್ದ ಒಂದು ಪುಟ್ಟ ತೂತಿಗೆ ಅದರ ವೈರು ಚುಚ್ಚಿ, ಮೈಕನ್ನು ಚಿಕ್ಕಪ್ಪನ ಕೈಗೆ ಕೊಟ್ಟಳು.

"ಮಾತಾಡ್ರೀ."

ಚಿಕ್ಕಪ್ಪ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು.

"ಅವಳು ನಮ್ಮೋಳೇ. ಮಾತಾಡ್ರೀ."

ನನಗೆ ಒಂದೂ ಅರ್ಥವಾಗಲಿಲ್ಲ. ಚಿಕ್ಕಮ್ಮ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಮನೇಲಿ ಇವರ ಮುಖ ನೋಡ್ತಾ ಮಾತಾಡ್ತೀನಿ. ಕಾರೊಳಗೆ ರಸ್ತೆ ನೋಡ್ಬೇಕಲ್ಲೇ. ಎಂಜಿನ್ ಸದ್ದಿಗೆ ಇವರಂದಿದ್ದು ಒಂದೂ ಕೇಳಲ್ಲ. ಹೋದ ತಿಂಗಳು ಬಳ್ಳಿಗಾವಿ ಹತ್ರ ಇವರೇನೋ ಅಂದ್ರು. ಏನಂದ್ರಿ ಅಂತ ಮುಖ ನೋಡಿದೆ, ಕಾರು ಸೀದಾ ಭತ್ತದ ಗದ್ದೆಗೆ ಇಳೀತು. ಆವತ್ತಿಂದ ಇವರು ಕಾರು ಹತ್ತಿದ್ರೆ ತುಟಿ ಬಿಚ್ಚೋದೇ ಬಿಟ್ಟುಬಿಟ್ರು."

"ಮತ್ತೆ ದಾದಾಪೀರಣ್ಣನ ಹತ್ರ ಯಾಕೆ ಹಾಕಿಸ್ಲಿಲ್ಲ?"

"ಅವರು ಒಳ್ಳೇರು. ಹಾಕಿ ಮುಗಿಸಿ 'ಟೆಸ್ಟ್ ಮಾಡ್ರಿ ಅಣ್ಣಾ' ಅಂತ ಇವರ ಕೈಗೇ ಮೈಕ್ ಕೊಡ್ತಿದ್ರು. ಅಂಗಡಿ ಮುಂದೆ ಯಾವಾಗ್ಲೂ ಮಂಡಿ ಜನ ನಿಂತಿರ್ತಾರೆ. ಒಂದು ಕಾಲದಾಗ ಇವರ ಕೂಗು ಕೇಳಿದೋರು ಅವರೆಲ್ಲ." ಅವಳ ದನಿ ಸ್ವಲ್ಪ ತಗ್ಗಿತು. "ಈಗಿನ ದನಿ ಅವರಿಗ್ಯಾಕೆ ಕೇಳಿಸ್ಬೇಕು? ನನಗೆ ಕೇಳಿಸಿದ್ರೆ ಸಾಕು."

ಕೊರಳಿಗೆ ಕಟ್ಟಿಕೊಳ್ಳುವ ಸ್ಪೀಕರ್ ಸಿಗುತ್ತದಲ್ಲ ಎಂದು ನಾನು ಮೆಲ್ಲಗೆ ಅಂದೆ. "ಅದನ್ನ ಹಾಕ್ಕೊಂಡು ಓಡಾಡೋಕೆ ಅವರೇನು ಐಸ್‌ಕ್ರೀಮ್ ಮಾರ್ತಾರೇನೇ?" ಎಂದು ಗದರಿದಳು. ಗದರಿದ ಮೇಲೆ ಮೂಗು ಒರೆಸಿಕೊಂಡಳು.

ಚಿಕ್ಕಪ್ಪ ಮೈಕನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಮೊದಲು ಅವರ ಉಸಿರು ಬಂತು. ನಾಲ್ಕೂ ಸ್ಪೀಕರಿನಿಂದ ಬಂತು. ಕಾರಿನ ತುಂಬ ಅವರೇ ಉಸಿರಾಡಿದ ಹಾಗಾಯಿತು. ಅವರು ಬೆಚ್ಚಿ ಮೈಕನ್ನು ದೂರ ಹಿಡಿದರು. ಮತ್ತೆ ಹತ್ತಿರ ತಂದರು. ಒರಟಾಗಿತ್ತು, ಹರಿದಿತ್ತು, ಆದರೆ ಪ್ರತಿಯೊಂದು ಅಕ್ಷರವೂ ಕೇಳಿಸುತ್ತಿತ್ತು.

"ಲೇ... ಶಿರಾಳಕೊಪ್ಪದಿಂದ ಎರಡನೇ ಗೇರಲ್ಲೇ ಹೊಡೀತಿದೀಯ. ಮೂರಕ್ಕೆ ಹಾಕೇ."

ಚಿಕ್ಕಮ್ಮ ನಗಲು ಶುರುಮಾಡಿದಳು. ಎಷ್ಟು ನಕ್ಕಳೆಂದರೆ ಕಾರನ್ನು ರಸ್ತೆಬದಿಗೆ ನಿಲ್ಲಿಸಬೇಕಾಯಿತು. ನಿಲ್ಲಿಸಿ ಸ್ಟಿಯರಿಂಗಿಗೆ ಹಣೆ ಹಚ್ಚಿಕೊಂಡಳು, ಭುಜಗಳು ಕುಲುಕುತ್ತಿದ್ದವು. ಅದು ಇನ್ನೂ ನಗುವೇ ಎಂದು ನನಗೆ ಹಿಂದಿನಿಂದ ಗೊತ್ತಾಗಲಿಲ್ಲ. ಚಿಕ್ಕಪ್ಪ ಅವಳ ಬೆನ್ನ ಮೇಲೆ ಕೈ ಇಟ್ಟು, ಮೈಕಿನಲ್ಲೇ, "ಹೋಗಣ ನಡಿ, ಹೊತ್ತಾಯ್ತು" ಎಂದರು.

ಮತ್ತೆ ಹೊರಟೆವು. ಮೂರನೇ ಗೇರು, ಆಮೇಲೆ ನಾಲ್ಕು. ಚಿಕ್ಕಪ್ಪ ಮಾತಾಡತೊಡಗಿದರು. ಚಿಕ್ಕಮ್ಮನ ಎಡಗಡೆ ಕನ್ನಡಿ ಸುಮ್ಮನೆ ಅಲಂಕಾರಕ್ಕಿದೆ ಎಂದರು. ಆ ಹೊಲದ ಜೋಳ ಚೆನ್ನಾಗಿ ಬಂದಿದೆ, ಈ ಹೊಲದ್ದು ಇನ್ನೊಂದು ಮಳೆ ಕೇಳುತ್ತದೆ ಎಂದರು. ನಡುವೆ ಸುಸ್ತಾಗಿ ನಿಂತರು, ನಿಂತಾಗ ಚಿಕ್ಕಮ್ಮ "ಹೂಂ, ಆಮೇಲೆ?" ಎಂದಳು. ಸೊರಬದಲ್ಲಿ ಚಹಾಕ್ಕೆ ನಿಲ್ಲಿಸುವುದೆಂದು ಮನೆಯಲ್ಲೇ ಮಾತಾಗಿತ್ತು; ಸೊರಬ ಬಂತು, ಹೋಯಿತು, ಯಾರಿಗೂ ನೆನಪಾಗಲಿಲ್ಲ. ತಂಗಿ ಚಿಕ್ಕವಳಿದ್ದಾಗ ಕೆರೆಗೆ ಬಿದ್ದದ್ದು, ತಾನು ದಡದಲ್ಲಿ ನಿಂತು ಕೂಗಿದ ಕೂಗಿಗೆ ಊರೇ ಓಡಿ ಬಂದದ್ದು, ಅದನ್ನೆಲ್ಲ ಹೇಳುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷವಾದರೂ ಚಿಕ್ಕಮ್ಮನಿಗೇ ಆ ಕತೆ ಗೊತ್ತಿರಲಿಲ್ಲ.

ಉಳವಿ ಬಂತು. ಅವರ ತಂಗಿಯ ಮನೆಗೆ ತಿರುಗುವ ಕಡೆ ಮಾವಿನ ತೋರಣ ಕಟ್ಟಿದ್ದರು. ರೇಷ್ಮೆ ಸೀರೆಯುಟ್ಟ ಯಾರೋ ನಮ್ಮ ಕಾರನ್ನು ಗುರುತಿಸಿ, ಇಲ್ಲಿ ಇಲ್ಲಿ ಎಂದು ರಸ್ತೆಗೇ ಇಳಿದು ಬಂದರು. ಚಿಕ್ಕಮ್ಮ ನೋಡಲಿಲ್ಲ. ಅವಳು ತಲೆಯನ್ನು ತುಸು ಎಡಕ್ಕೆ ವಾಲಿಸಿಕೊಂಡು, ಕಣ್ಣು ರಸ್ತೆಯ ಮೇಲಿಟ್ಟು ಕೇಳುತ್ತಿದ್ದಳು. ತೋರಣ ಹಿಂದಕ್ಕೆ ಸರಿಯಿತು, ಸೀರೆಯವರು ಚುಕ್ಕಿಯಷ್ಟಾದರು, ಊರು ಮುಗಿದು ಗದ್ದೆಗಳು ಶುರುವಾದವು.

ನಾನು ಹಣ್ಣಿನ ಬುಟ್ಟಿ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ.